ಹನ್ನೊಂದು ಹೆಸರು, ಹತ್ತು ಟಿಕ್

ಡಿಸೆಂಬರ್ 9, ಬೆಳಿಗ್ಗೆ
ಮತ್ತೆ ಅದೇ ಕೆಲಸ. ಅಡುಗೆಮನೆ ಮೇಜು, ಕಾಫಿ, ಬೇಸ್‌ಬಾಲ್ ದಿಗ್ಗಜರ ಗೌರವ ಮಂದಿರದ, ಅಂದರೆ ಹಾಲ್ ಆಫ್ ಫೇಮ್‌ನ, ಮತಪತ್ರ. ಹತ್ತು ಜನ ಆಟಗಾರರಿಗಷ್ಟೇ ಟಿಕ್ ಹಾಕಬಹುದು. ನನ್ನ ಪ್ರಕಾರ ಯೋಗ್ಯರು ಹನ್ನೊಂದು ಜನ. ನಿಯಮ ಮಾಡಿದವರ ತಲೆ...

ಡಿಸೆಂಬರ್ 14
ಒಂಬತ್ತು ಗಟ್ಟಿ. ಇನ್ನು ಇಬ್ಬರು, ಜಾಗ ಒಂದು.
ರೂಫಸ್ ಟಿಲರಿ — ಚೆಂಡೆಸೆಯುವ ಪಿಚರ್, ನಮ್ಮ ಮಿಲ್ವಾಕಿಯವನೇ, ಗೆಳೆಯ. ಪಟ್ಟಿಯಲ್ಲಿ ಹತ್ತನೇ ವರ್ಷ, ಕೊನೆಯ ಅವಕಾಶ. ಗೆಲ್ಲಲು ನೂರಕ್ಕೆ ಎಪ್ಪತ್ತೈದು ಮತ ಬೇಕು.
ಓಸ್ವಾಲ್ಡೊ ಪಿಚಾರ್ಡೊ — ಟಿಲರಿಯ ಚೆಂಡು ಹಿಡಿಯುತ್ತಿದ್ದ ಕ್ಯಾಚರ್. ಮೊದಲ ವರ್ಷ. ನೂರಕ್ಕೆ ಐದಾದರೂ ಬರದಿದ್ದರೆ ಪಟ್ಟಿಯಿಂದಲೇ ಔಟ್. ಕುಕ್ಕರಗಾಲಲ್ಲಿ ಕೂತು ಮೊಣಕಾಲು ಸವೆಸಿಕೊಂಡ, ಎಷ್ಟೋ ಪಿಚರ್‌ಗಳನ್ನು ದಡ ಸೇರಿಸಿದ. ಅದನ್ನು ಬರೆದವರು ಕಡಿಮೆ. ನಾನೂ ಬರೆದದ್ದು ಸಾಲದು.

ಡಿಸೆಂಬರ್ 20
ಮಾರ್ವ್ ಫೋನ್ ಮಾಡಿದ. ಅವನೂ ಕ್ರೀಡಾ ವರದಿಗಾರ, ಅವನಿಗೂ ಮತ ಇದೆ. ಮತವನ್ನು ಬಹಿರಂಗ ಮಾಡಿದವರ ಲೆಕ್ಕದಲ್ಲಿ ಟಿಲರಿ ಎಂಬತ್ತಮೂರು ಪರ್ಸೆಂಟ್.
"ಅವ್ನು ಗೆದ್ದ ಹಾಗೇನೆ ಕಣೇ ವಿನ್ನಿ. ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸ್ತೀಯಾ? ನಿನ್ನ ಟಿಕ್ ಪಿಚಾರ್ಡೊಗೆ ಹಾಕು."
"ಗುಟ್ಟಾಗಿ ಹಾಕೋರು ಜಿಪುಣರು ಮಾರಾಯ."
"ಎಷ್ಟೂಂತ ಜಿಪುಣರು? ಎಂಟು ಪರ್ಸೆಂಟ್ ನುಂಗಿಬಿಡ್ತಾರಾ?"

ಡಿಸೆಂಬರ್ 30
ಮತಪತ್ರ ಅಂಚೆಗೆ ಹಾಕಿದೆ. ಪಿಚಾರ್ಡೊಗೆ ಹಾಕಿದೆ. ಟಿಲರಿಯನ್ನು ಬಿಟ್ಟೆ. ಒಂಬತ್ತು ವರ್ಷ ತಪ್ಪದೆ ಹಾಕಿದ್ದೆ. ಭಾರಿ ಜಾಣತನ ಅನ್ನಿಸಿತು. ಸ್ವಲ್ಪ ಜಂಬವೂ ಬಂತು.

ಜನವರಿ 12
ಟಿಲರಿಯ ಫೋನ್. "ಇಪ್ಪತ್ತೊಂದಕ್ಕೆ ನಮ್ಮನೇಗೆ ಬಾ. ಗೆದ್ರೆ ಫೋನ್ ಬರುತ್ತಲ್ಲ, ಆಗ ನೀನು ಪಕ್ಕದಲ್ಲಿರ್ಬೇಕು."
ಬರ್ತೀನಿ ಅಂದೆ. ಲೆಕ್ಕ ನೋಡಿದೆ — ಎಪ್ಪತ್ತೇಳಕ್ಕೆ ಇಳಿದಿದೆ. ಮಲಗೋ ಮುಂಚೆ ಇನ್ನೆರಡು ಸಲ ನೋಡಿದೆ.

ಜನವರಿ 21, ಸಂಜೆ
ಅವನ ಹೆಂಡತಿ ಅರ್ಲೀನ್ ಸಾಸೇಜು, ಆಲೂ ಸಲಾಡು ಮಾಡಿದ್ದಳು. ಯಾರೂ ಮುಟ್ಟಲಿಲ್ಲ. ಫೋನ್ ಮೇಜಿನ ನಡುವೆ. ಟಿಲರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೆಟ್ಟಗೆ ಕೂತಿದ್ದ. ಒಮ್ಮೆ ರಿಂಗಾಯಿತು. ಎಲ್ಲರೂ ಎದ್ದು ನಿಂತೆವು. ಔಷಧಿ ಅಂಗಡಿಯವರು — ಬಿಪಿ ಮಾತ್ರೆ ರೆಡಿ ಇದೆಯಂತೆ.
ಆಮೇಲೆ ರಿಂಗಾಗಲಿಲ್ಲ. ಟೀವಿಯಲ್ಲಿ ಬಂತು. ಟಿಲರಿಗೆ ಒಂದು ಮತ ಕಡಿಮೆ.
ಟಿಲರಿ ನಕ್ಕ. "ಒಂದೇ ಒಂದಾ?"
"ಯಾವನೋ ಅವನು, ಅವನ ಕೈ ಬಿದ್ಹೋಗ," ಅಂದಳು ಅರ್ಲೀನ್.
"ಸುಮ್ನಿರೇ. ವಿನ್ನಿಯಂಥೋರು ಹಾಕಿದ್ದಕ್ಕೆ ಇಲ್ಲೀತನಕ ಬಂದೆ." ನನ್ನ ಭುಜ ತಟ್ಟಿದ. ನಾನು ತಟ್ಟೆ ಎಳೆದುಕೊಂಡು ಸಲಾಡು ತಿಂದೆ. ಬಾಯಿ ಖಾಲಿ ಇದ್ದರೆ ಏನಾದರೂ ಹೇಳಬೇಕಾಗುತ್ತಿತ್ತು.
ಪಿಚಾರ್ಡೊಗೆ ಮೂರು ಪರ್ಸೆಂಟ್. ಅವನೂ ಹೋದ. ಇಬ್ಬರನ್ನೂ ಕಳೆದೆ.

ಫೆಬ್ರವರಿ 3
ನಾಳೆ ಮಧ್ಯಾಹ್ನ ನಮ್ಮ ಮತಪತ್ರಗಳು ಹೆಸರಿನ ಸಮೇತ ವರದಿಗಾರರ ಸಂಘದ ವೆಬ್‌ಸೈಟಿನಲ್ಲಿ. ಹಾಕಿ ಎಂದು ಒಪ್ಪಿಗೆ ಕೊಟ್ಟವಳು ನಾನೇ, ಪ್ರತಿ ವರ್ಷದಂತೆ.
"ಅವ್ನೆಲ್ಲಿ ನೋಡ್ತಾನೆ ಬಿಡೇ," ಎಂದ ಮಾರ್ವ್.
ಅರ್ಲೀನ್ ನೋಡುತ್ತಾಳೆ. ಒಂದೊಂದನ್ನೂ ನೋಡುತ್ತಾಳೆ. ಭಯವಾಗುತ್ತಿದೆ. ಅದಕ್ಕೆ ಮುಂಚೆ ನಾನೇ ಹೇಳಬೇಕು.

ಫೆಬ್ರವರಿ 4, ಬೆಳಿಗ್ಗೆ
ಟಿಲರಿಯ ಮನೆ ಮುಂದೆ, ಕಾರಿನಲ್ಲಿ. ಹಿಮ ಬೀಳುತ್ತಿದೆ. ಏನೆಂದು ಶುರು ಮಾಡಲಿ? ನಿನ್ನನ್ನು ಬಿಟ್ಟದ್ದು ನೀನು ಗೆಲ್ಲುತ್ತೀಯ ಎಂಬ ನಂಬಿಕೆಯಿಂದ — ನನ್ನ ಕಿವಿಗೇ ಕೆಟ್ಟದಾಗಿ ಕೇಳುತ್ತದೆ.
ಕಿಟಕಿಯಿಂದ ನೋಡಿದನೇನೋ. ಬಾಗಿಲು ತೆಗೆದ. ಕೋಟು ಕೂಡ ಹಾಕಿಕೊಂಡಿಲ್ಲ, ಸಲಿಕೆ ಹಿಡಿದು ಬರುತ್ತಿದ್ದಾನೆ. ನಾನು ಇಳಿದು ನಡೆಯಲೆಂದು ದಾರಿಯ ಹಿಮ ಬಳಿಯುತ್ತಿದ್ದಾನೆ. ಪೆನ್ನು ಮುಚ್ಚಿ ಇಳಿಯಬೇಕು.