ಕ್ಯಾನ್‌ಬೆರಾದ ಜನವರಿ

ಗಿಲ್‌ರಾಯ್, ಕ್ಯಾಲಿಫೋರ್ನಿಯಾ
೯ ನವೆಂಬರ್ ೨೦೨೪

ಚಿ. ಸೌ. ಸ್ನೇಹಲ್‌ಗೆ ಅಪ್ಪನ ಆಶೀರ್ವಾದ.

ಇಲ್ಲಿ ಮೂವರೂ ಆರಾಮ ಇದ್ದೇವೆ. ನಿನ್ನ ಅಣ್ಣ ನವೀನ ಎಂದಿನಂತೆ ಅರ್ಧ ಆಯುಷ್ಯ ಫ್ರೀವೇಯಲ್ಲೇ ಕಳೆಯುತ್ತಿದ್ದಾನೆ. ನಿನ್ನ ಮದುವೆಯಾಗಿ ಮೂರು ವರ್ಷಕ್ಕೆ ನಾನು ಬರೆಯುತ್ತಿರುವ ಮೊದಲ ಪತ್ರವಿದು. ತಡಕ್ಕೆ ಕ್ಷಮಿಸು.

ಜನವರಿಯಲ್ಲಿ ನಿನ್ನ ಹೆರಿಗೆ ಎಂದು ತಿಳಿದ ದಿನವೇ ನಿಮ್ಮವ್ವ ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗಿ ಹೊಲಿಯಲು ಕೂತಳು. ಮೊದಲ ಕೂಸನ್ನು ತೊಟ್ಟಿಲಿಗೆ ಹಾಕುವಾಗ ತಲೆಯ ಮೇಲೆ ತವರಿನ ಕುಂಚಿಗಿಯೇ ಇರಬೇಕಲ್ಲ. ಜನವರಿ ಎಂದರೆ ಚಳಿ, ಒಳಗೆ ಉಣ್ಣೆ ಕೊಡು ಎಂದು ಅಪ್ಪಣೆ ಮಾಡಿದವನು ನಾನು. ಹೊಲಿದು ಮುಗಿದ ಮೇಲೆ ನವೀನ ನಕ್ಕ. “ಅಪ್ಪಾ, ಕ್ಯಾನ್‌ಬೆರಾದಾಗ ಜನವರಿ ಅಂದ್ರ ಉರಿಬಿಸಿಲು.” ನಿಮ್ಮವ್ವ ಸೂಜಿ ಕೆಳಗಿಟ್ಟಳು. “ಮೂವತ್ತು ವರ್ಷ ಮಂದಿ ಊರು ಅಳದ್ರಿ. ಮಗಳ ಊರಾಗ ಬ್ಯಾಸಗಿ ಯಾವಾಗ ಅಂತ ಗೊತ್ತಿಲ್ಲೇನ್ರಿ?” ಹುಬ್ಬಳ್ಳಿಯ ನಗರ ಯೋಜನೆ ಕಚೇರಿಯಲ್ಲಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದವನು ಎದ್ದು ಹೋಗಿ ನವೀನನ ಹಳೆಯ ಅಟ್ಲಾಸ್ ಹುಡುಕಿ ತೆಗೆದೆ.

ಅಂದಿನಿಂದ ನಿನ್ನ ಊರನ್ನೇ ಓದುತ್ತಿದ್ದೇನೆ. ರಾಜಧಾನಿ ತನಗೇ ಬೇಕೆಂದು ಸಿಡ್ನಿ, ಮೆಲ್ಬರ್ನ್ ಎರಡೂ ಹಟ ಹಿಡಿದವಂತೆ. ಕೊನೆಗೆ ನಡುವೆ ಕುರಿ ಮೇಯುತ್ತಿದ್ದ ಬಯಲಲ್ಲಿ ಹೊಸ ಊರು ಕಟ್ಟಿದರು. ನಕ್ಷೆ ಶಿಕಾಗೋದ ಗಂಡ ಹೆಂಡತಿಯದು. ಅದು ಸ್ಪರ್ಧೆ ಗೆದ್ದದ್ದು ೧೯೧೨ರಲ್ಲಿ, ಅದರೊಳಗಿನ ಕೆರೆ ತುಂಬಿದ್ದು ೧೯೬೪ರಲ್ಲಿ. ಅಷ್ಟರಲ್ಲಿ ಆ ಗಂಡ ನಮ್ಮ ಲಖನೌದಲ್ಲಿ ತೀರಿಕೊಂಡು ಇಪ್ಪತ್ತೇಳು ವರ್ಷವಾಗಿತ್ತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಜುಲೈನಲ್ಲಿ ಅಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟುತ್ತದಂತೆ. ನಿನಗೋ ಮೊದಲೇ ನೆಗಡಿ. ಫೋನಿನಲ್ಲಿ ಗಿಲ್‌ರಾಯ್ ಕೆಳಗೆ ಕ್ಯಾನ್‌ಬೆರಾದ ಹವಾಮಾನವನ್ನೂ ಇಟ್ಟುಕೊಂಡಿದ್ದೇನೆ, ಬೆಳಿಗ್ಗೆ ಚಹಾಕ್ಕಿಂತ ಮೊದಲು ಅದನ್ನು ನೋಡುತ್ತೇನೆ. ನೋಡಿದಷ್ಟೂ ನಿನ್ನನ್ನು ಕಾಣಬೇಕೆನ್ನಿಸುತ್ತದೆ ಮಗಳೇ.

ಜಗನ್‌ಗೂ ಆಶೀರ್ವಾದ ತಿಳಿಸು. ಅಳಿಯನ ಹೆಸರು ಇವತ್ತೇ ಮೊದಲು ಬರೆದೆ. ಹೂವೆತ್ತಿದ ಹಾಗೆ ಹೆರಿಗೆಯಾಗಲಿ.

ನಿನ್ನ ಅಪ್ಪ,
ದೇವೇಂದ್ರಪ್ಪ

ತಾ.ಕ.: ಮದುವೆಯ ದಿನ ಅಪ್ಪನಿಗೆ ಜ್ವರ ಎಂದು ನಿಮ್ಮವ್ವ ಎಲ್ಲರಿಗೂ ಹೇಳಿದಳಲ್ಲ, ಜ್ವರ ಇರಲಿಲ್ಲ. ಮನೆಯವರೆಲ್ಲ ಮದುವೆಗೆ ಹೋದ ಮೇಲೆ ತಲೆಗೆ ರೇಶ್ಮಿ ಪಟಕ ಸುತ್ತಿಕೊಂಡು ಒಬ್ಬನೇ ಮಾರ್ಗನ್ ಹಿಲ್‌ನ ಆ ಮದುವೆ ಹಾಲ್‌ವರೆಗೂ ಬಂದಿದ್ದೆ. ಮಗಳು ಜಾತಿ ಬಿಟ್ಟು ಮದುವೆಯಾದಳೆಂಬ ಸಿಟ್ಟು ಕಾರಿನ ಬಾಗಿಲು ತೆಗೆಯಗೊಡಲಿಲ್ಲ. ವಾಲಗ ಕೇಳುತ್ತಾ ಕೂತಿದ್ದು ವಾಪಸಾದೆ. ಅಕ್ಷತೆಯ ಪೊಟ್ಟಣ ಇನ್ನೂ ಕೋಟಿನ ಜೇಬಿನಲ್ಲಿದೆ. ನಿಮ್ಮವ್ವ ಈಗ ತೆಳು ಹತ್ತಿಬಟ್ಟೆಯ ಕುಂಚಿಗಿ ಹೊಲಿದಿದ್ದಾಳೆ, ಪೋಸ್ಟಿಗೆ ಹಾಕಿ ಎನ್ನುತ್ತಾಳೆ. ನಾನು ಹಾಕಿಲ್ಲ. ನೀನು ಬಾ ಎಂದರೆ ನಾನೇ ತರುತ್ತೇನೆ. ಈ ಸಲ ಕಾರಿನಿಂದ ಇಳಿಯುತ್ತೇನೆ.