ಸೇತುವೆಯ ಮೇಲಿನ ಮರದ ಹೊಟ್ಟನ್ನು ಗುಡಿಸಬೇಡಿ

ಮಾನ್ಯ ನಗರ ನೈರ್ಮಲ್ಯಾಧಿಕಾರಿಗಳೇ,

ಚಳಿಗಾಲದಲ್ಲಿ ಕಾಲುವೆ ಸೇತುವೆಯನ್ನು ತೊಳೆಸುವುದನ್ನು ನಿಲ್ಲಿಸಿ. ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ನನ್ನ ಹಿಂದಿನ ಅರ್ಜಿಯನ್ನು ನಿಮ್ಮ ಕಚೇರಿಯಲ್ಲಿ ಯಾರೂ ಎರಡನೆಯ ಸಾಲಿನವರೆಗೆ ಓದಿದಂತಿಲ್ಲ. ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದೂರವಿದ್ದ ತಂಗಿಗೆ ಕಾಗದ ಬರೆಯುವ ಆಸೆಗೆ ಅಕ್ಷರ ತಿದ್ದಿದವಳು. ಹಾಗಾಗಿ ನೆಂಟರಿಗೆ ಬರೆಯುವ ರೀತಿಯೊಂದೇ ನನಗೆ ಗೊತ್ತು. ‘ನಾವೆಲ್ಲ ಕ್ಷೇಮ’ ಎಂದು ಬರೆಯಲು ಕೈ ತಾನಾಗಿ ಹೊರಡುತ್ತದೆ. ಈ ಸಲ ತಡೆದಿದ್ದೇನೆ. ನಾವು ಕ್ಷೇಮವಾಗಿಲ್ಲ.

ಆ ಸೇತುವೆಯ ಮೇಲೆ ಬಿಸಿಲು ಬೀಳುವುದು ಹೊತ್ತೇರಿದ ಮೇಲೆ. ಅಲ್ಲಿಯವರೆಗೆ ಅಲ್ಲಿ ನಿಂತ ನೀರೆಲ್ಲ ಗಾಜಿನ ಪದರದ ಹಾಗೆ ಹೆಪ್ಪುಗಟ್ಟಿರುತ್ತದೆ. ಕಣ್ಣಿಗೆ ಕಾಣುವುದು ಮಾತ್ರ ಬರೀ ಒದ್ದೆ ರಸ್ತೆ. ಇದು ನಮ್ಮ ಬೀದಿಗೆ ಹೊಸದಲ್ಲ. ಸೇತುವೆಯ ತುದಿಯ ಬಡಗಿ ಅಂಗಡಿ ತೆರೆದ ಕೂಡಲೇ ಹಿಂದಿನ ದಿನದ ಮರದ ಹೊಟ್ಟನ್ನು ಬುಟ್ಟಿಯಲ್ಲಿ ತಂದು ಅದರ ಮೇಲೆ ಚೆಲ್ಲುತ್ತಿದ್ದ. ಅವನ ಅಪ್ಪನೂ ಚೆಲ್ಲುತ್ತಿದ್ದ. ಬಡಗಿಗೆ ಮೈ ಹುಷಾರಿಲ್ಲದ ದಿನ ಪಕ್ಕದ ಕ್ಷೌರಿಕ ಬುಟ್ಟಿ ಎತ್ತಿಕೊಂಡು, “ಬನ್ರಪ್ಪ, ಇವತ್ತು ಸೇತುವೆಗೂ ನಾನೇ ಪೌಡರ್ ಹಾಕ್ತೀನಿ” ಎನ್ನುತ್ತಿದ್ದ. ಚಳಿ ಬಂತೆಂದರೆ ಸೇತುವೆ ಹಳದಿಯಾಗುತ್ತಿತ್ತು, ಜನ ಜಾರದೆ ದಾಟುತ್ತಿದ್ದರು. ಇದಕ್ಕೆ ಯಾರೂ ಆದೇಶ ಹೊರಡಿಸಿರಲಿಲ್ಲ. ಬಹುಶಃ ಅದೇ ತಪ್ಪಾಯಿತು.

ಈ ವರ್ಷ ತಮ್ಮ ಸ್ವಚ್ಛತಾ ಅಭಿಯಾನ ನಮ್ಮ ಬೀದಿಗೆ ದಯಮಾಡಿಸಿತು. ಸಾರ್ವಜನಿಕ ರಸ್ತೆಯಲ್ಲಿ ಕಸ ಚೆಲ್ಲಿದ ಅಪರಾಧಕ್ಕೆ ಬಡಗಿಗೆ ನೋಟೀಸು ಬಂತು. ನಿಮ್ಮವರು ಹೊಟ್ಟನ್ನು ಗುಡಿಸಿದರು. ಗುಡಿಸಿದ ಮೇಲೂ ಧೂಳು ಉಳಿಯಿತೆಂದು ಅಂದಿನಿಂದ ಪ್ರತಿ ಬೆಳಗಿನ ಜಾವ ಟ್ಯಾಂಕರ್ ತಂದು ತೊಳೆಯುತ್ತಿದ್ದಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಕೇಳಿದ್ದೆ. ನೀರನ್ನೇ ಏರಿಗೆ ಎಳೆದು ತರುವ ಕೋಣವನ್ನು ಈಗ ಕಂಡೆ. ಕೋಪ ಮಾಡಿಕೊಳ್ಳಬೇಡಿ, ಗಾದೆ ನಾನು ಕಟ್ಟಿದ್ದಲ್ಲ.

ನನ್ನ ತಂಗಿಯ ಮಗಳು ನನ್ನ ಜೊತೆಗಿದ್ದಾಳೆ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರು. ದಿನಾ ಮೋಟಾರ್ ಸೈಕಲ್ಲಿನಲ್ಲಿ ಹೋಗಿಬರುತ್ತಾಳೆ. ಹೀಗೆ ಸೇತುವೆ ತೊಳೆದುಹೋದ ಒಂದು ದಿನ ಬೆಳಿಗ್ಗೆ ಕೈಗವಸಿನ ಮೇಲೆ ಕೈಗವಸು ಹಾಕಿಕೊಂಡು ನಿಂತವಳಿಗೆ ನಾನು ಇನ್ನೊಂದು ಸ್ವೆಟರ್ ಹಿಡಿದುಕೊಂಡು ಹೋದೆ. “ದೊಡ್ಡಮ್ಮ, ಇದನ್ನೂ ತುರುಕಿದ್ರೆ ನಾನು ಗಾಡಿ ಓಡಿಸಲ್ಲ, ಉರುಳ್ಕೊಂಡೇ ಹೋಗ್ತೀನಿ” ಎಂದು ನಕ್ಕು ಹೊರಟಳು. ಸೇತುವೆಯ ಮೇಲೆ ಉರುಳಿಯೇಬಿಟ್ಟಳು. ವೇಗವಿರಲಿಲ್ಲ, ಎದುರಿಗೆ ಗಾಡಿಯಿರಲಿಲ್ಲ. ಎತ್ತಲು ಓಡಿಬಂದ ಬಡಗಿಯೂ ಜಾರಿ ಕುಕ್ಕರಿಸಿ, ಕೂತಲ್ಲಿಂದಲೇ ತೆವಳುತ್ತ ಅವಳ ಹತ್ತಿರ ಹೋದ. ಗಾಡಿಯ ಒಂದು ಕನ್ನಡಿ ಮುರಿಯಿತು. ಅವಳ ಬಲ ಮಣಿಕಟ್ಟು ಮುರಿಯಿತು.

ನನ್ನ ಅರ್ಜಿಗೆ ತಾವು ಉತ್ತರ ಕೊಟ್ಟಿರಿ: ಅಪಘಾತ ಲಘು ಸ್ವರೂಪದ್ದು, ಕಾರಣ ಸವಾರರ ಅಜಾಗರೂಕತೆ, ಅಂದು ನೀರು ಹೆಪ್ಪುಗಟ್ಟುವಷ್ಟು ಚಳಿ ಇರಲಿಲ್ಲವೆಂದು ಕಚೇರಿಯ ಉಷ್ಣಮಾಪಕ ತೋರಿಸುತ್ತದೆ. ಆ ಮಹಾನುಭಾವ ಉಷ್ಣಮಾಪಕವನ್ನು ಒಮ್ಮೆ ನೋಡೋಣವೆಂದು ಬಂದೆ. ತಾವು ಸಭೆಯಲ್ಲಿದ್ದಿರಿ. ಅದು ಗುಮಾಸ್ತರ ಬೆನ್ನ ಹಿಂದಿನ ಗೋಡೆಯಲ್ಲಿತ್ತು, ಅದರ ಕೆಳಗೇ ಹೀಟರ್.

“ಏನ್ ಮಾಡೋದು ಅಜ್ಜಿ, ಹೊರಗಡೆ ಹಾಕಿದ್ರೆ ಕದ್ದುಬಿಡ್ತಾರೆ” ಎಂದರು ಗುಮಾಸ್ತರು.

“ಹಾಗಾದ್ರೆ ಸೇತುವೇನೂ ಒಳಗೇ ತಂದಿಟ್ಕೊಳಪ್ಪ” ಎಂದೆ.

ನಕ್ಕರು. ಒಳ್ಳೆಯವರು, ಕೂರಲು ಕುರ್ಚಿ ಕೊಟ್ಟರು. ಆ ಬೆಚ್ಚನೆಯ ಕೋಣೆಯಲ್ಲಿ ಒಂದು ಗಳಿಗೆ ಕೂತಾಗ, ಹೊರಗೆ ಅಂಥ ಚಳಿಯೇನೂ ಇರಲಿಕ್ಕಿಲ್ಲ ಎಂದು ನನಗೂ ಅನ್ನಿಸಿಬಿಟ್ಟಿತು. ಅಲ್ಲಿಯೇ ಇಡೀ ವರ್ಷ ಕೂರುವ ತಮ್ಮ ಮೇಲೆ ಪೂರ್ತಿ ತಪ್ಪು ಹೊರಿಸಲಿ ಹೇಗೆ?

ಲಘು ಎಂಬ ಮಾತನ್ನೇ ಹಿಡಿಯೋಣ. ಮೂಳೆ ಕೂಡಿದೆ, ನಿಜ. ಆದರೆ ಕಿರುಬೆರಳೂ ಉಂಗುರದ ಬೆರಳೂ ಹೇಳಿದ ಮಾತು ಕೇಳುತ್ತಿಲ್ಲ. ನರಕ್ಕೆ ಪೆಟ್ಟಾಗಿದೆ, ಬೆರಳಿಗೆ ಚಲನೆ ಮತ್ತೆ ಬರಲೂಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರು ಬಾರದಿರುವ ಕಡೆಗೇ ತಲೆ ವಾಲಿಸಿ ಹೇಳಿದರು. ತಮಗೋ ನನಗೋ ಹೀಗಾಗಿದ್ದರೆ ತುತ್ತು ಬಾಯಿ ತಲುಪುವುದೇನೂ ನಿಲ್ಲುತ್ತಿರಲಿಲ್ಲ. ಆದರೆ ಆ ಶಾಲೆಯಲ್ಲಿ ಮಾತೆಲ್ಲ ಇರುವುದು ಬೆರಳುಗಳಲ್ಲಿ. ಎಡಗೈಯಿಂದ ಒಂದಷ್ಟು ನಡೆಯುತ್ತದೆ. ಎರಡೂ ಕೈ ಬೇಕಾದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಪ್ಲಾಸ್ಟರ್ ಬಿಚ್ಚಿಸಿಕೊಂಡು ಹೋದ ದಿನ ಮಕ್ಕಳು ‘ಟೀಚರಿಗೆ ತೊದಲು ಬಂದಿದೆ’ ಎಂದು ಕೈಯಲ್ಲೇ ಆಡಿಕೊಂಡು ನಕ್ಕರಂತೆ. ಇವಳೂ ನಕ್ಕಳಂತೆ. ಮುಂದಿನ ಟರ್ಮಿನಿಂದ ಇವಳನ್ನು ಪಾಠದಿಂದ ಬಿಡಿಸಿ ಶಾಲೆಯ ಉಗ್ರಾಣಕ್ಕೆ ಹಾಕುತ್ತಾರೆ. ಮುಖ್ಯೋಪಾಧ್ಯಾಯಿನಿಯನ್ನು ಬೈಯಲಾರೆ. ಮಕ್ಕಳಿಗೆ ಪಾಠ ಅರ್ಥವಾಗಬೇಕಲ್ಲ.

ಆ ಶಾಲೆಯಲ್ಲಿ ಪ್ರತಿ ಮಗುವಿಗೂ ಹಾಜರಿ ಪುಸ್ತಕದ ಹೆಸರಲ್ಲದೆ ಕೈಯಲ್ಲಿ ಕರೆಯುವ ಒಂದು ಹೆಸರಿದೆ. ಗುಂಗುರು ಕೂದಲಿನ ಒಬ್ಬ ಪುಟ್ಟಿಗೆ ಇವಳು ಇಟ್ಟ ಹೆಸರು, ಬಲಗೆನ್ನೆಯ ಪಕ್ಕ ಕಿರುಬೆರಳನ್ನು ನೆಟ್ಟಗೆ ಮಾಡಿ ಸುರುಳಿ ಸುತ್ತುವುದು. ಪ್ಲಾಸ್ಟರ್ ಬಿಚ್ಚಿದ ಆ ದಿನ ಕರೆಯಲು ಹೋದರೆ ಬೆರಳು ಏಳಲಿಲ್ಲ. ಮಡಿಸಿದ ಮುಷ್ಟಿಯೇ ಕೆನ್ನೆಯ ಪಕ್ಕ ತಿರುಗಿತು. ಪುಟ್ಟಿ ನೋಡಿದಳು. ಮಾರನೆಯ ದಿನ ತರಗತಿಯ ಮುಂದೆ ನಿಂತು ತನ್ನ ಕಿರುಬೆರಳನ್ನೂ ಮಡಿಸಿ, ಇನ್ನು ಮೇಲೆ ನನ್ನ ಹೆಸರು ಇದು, ಎಲ್ಲರೂ ಹೀಗೇ ಕರೆಯಿರಿ ಎಂದಳಂತೆ. ಬಿದ್ದಾಗ ಅಳದವಳು, ಉಗ್ರಾಣ ಎಂದಾಗಲೂ ಅಳದವಳು, ಇದನ್ನು ನನಗೆ ಹೇಳುವಾಗ ಅತ್ತಳು.

ಮಾನ್ಯರೇ, ಒಂದು ಮಗು ಟೀಚರಿಗೆ ಕಷ್ಟವಾಗದಿರಲೆಂದು ತನ್ನ ಹೆಸರನ್ನೇ ಬದಲಾಯಿಸಿಕೊಂಡಿತು. ತಮ್ಮಿಂದ ಒಂದು ಆದೇಶ ಬದಲಾಯಿಸಲಾಗದೇ?

ಬೆರಳು ತಂದುಕೊಡಿ ಎಂದು ಕೇಳುತ್ತಿಲ್ಲ, ಅದು ತಮ್ಮ ಕೈಯಲ್ಲೂ ಇಲ್ಲ. ಚಳಿ ಮುಗಿಯುವವರೆಗೆ ಸೇತುವೆ ತೊಳೆಸಬೇಡಿ. ತೊಳೆಸಲೇಬೇಕೆಂದಿದ್ದರೆ ಬಡಗಿಯ ಮೇಲಿನ ನೋಟೀಸನ್ನಾದರೂ ಹಿಂತೆಗೆದುಕೊಳ್ಳಿ. ಉಳಿದದ್ದನ್ನು ನಾವೇ ನೋಡಿಕೊಳ್ಳುತ್ತೇವೆ. ತಾವು ಮಾಡುತ್ತೀರೆಂಬ ನಂಬಿಕೆ ನನಗೆ ಹೆಚ್ಚೇನೂ ಇಲ್ಲ. ಇವತ್ತು ಬೆಳಿಗ್ಗೆಯೂ ಟ್ಯಾಂಕರ್ ಬಂದು ಹೋಯಿತು. ಸೇತುವೆ ಹೊಳೆಯುತ್ತಿದೆ. ಬಡಗಿ ತುಂಬಿದ ಬುಟ್ಟಿಯನ್ನು ಬಾಗಿಲಲ್ಲಿಟ್ಟುಕೊಂಡು ನಿಂತಿದ್ದಾನೆ, ದಾಟುವವರನ್ನು ನೋಡುತ್ತ.

ಇಂತಿ,
ತಾವು ತೊಳೆಸಿದ ಸೇತುವೆಯನ್ನು ಕಟಾಂಜನದ ಕಂಬಿ ಹಿಡಿದುಕೊಂಡು ದಾಟುವ,
ಉಗ್ರಾಣದ ಟೀಚರಮ್ಮನ ದೊಡ್ಡಮ್ಮ