ಗಾಲ್ಫ್ ಚೆಂಡು ಎತ್ತಿಕೊಟ್ಟ ಅವ್ವ

ಗುಲ್ಮಾರ್ಗ, ಶುಕ್ರವಾರ

ಅಕ್ಕ,

ಇಲ್ಲಿ ಬೆಟ್ಟಗಳ ನಡುವೆ ಗಾಲ್ಫ್ ಆಡುವ ಬಯಲಿದೆ. ನಮ್ಮೂರು ದುದ್ದದ ಗದ್ದೆಬಯಲಿನಷ್ಟು ಅಗಲ, ಬರೀ ಹುಲ್ಲು, ಒಂದು ದನವೂ ಇಲ್ಲ. ಬೆಳಿಗ್ಗೆ ಅಂಚಿನ ದಾರಿಯಲ್ಲಿ ನಡೆಯುತ್ತಿದ್ದಾಗ ಅವ್ವ ಹುಲ್ಲಿನಲ್ಲಿದ್ದ ಚೆಂಡನ್ನು ಎತ್ತಿಕೊಂಡು, ಆಡುತ್ತಿದ್ದವನಿಗೆ ಕೊಡಲೆಂದು ದಿಬ್ಬ ಹತ್ತಿಬಿಟ್ಟಳು. ಬಿದ್ದಲ್ಲಿಂದಲೇ ಹೊಡೆಯಬೇಕಾದ ಚೆಂಡನ್ನು ಬೇರೆಯವರು ಮುಟ್ಟಬಾರದಂತೆ, ಆತ ದೂರದಿಂದಲೇ ಕೂಗಾಡಿದ. "ಕಳ್ದೋಯ್ತದೆ ಅಂತ ಎತ್ಕೊಡಾಕ್ ಬಂದ್ರೆ ನನ್ನೇ ಬೈತೀಯೇನಪ್ಪಾ?" ಎಂದವಳು ಏದುಸಿರು ಬಿಡುತ್ತಾ ಅಲ್ಲೇ ಕುಸಿದು ಕೂತಳು. ಪಾಪ, ಆತನೇ ತನ್ನ ಪುಟ್ಟ ಗಾಡಿಯಲ್ಲಿ ಡಾಕ್ಟರ ಬಳಿಗೆ ಕರೆದೊಯ್ದ.

ಈಗ ಉಸಿರಾಟ ಸರಿಯಾಗಿದೆ, ಗಾಬರಿಯಾಗಬೇಡ. ಆದರೆ ಈ ಎತ್ತರ ಅವ್ವನಿಗೆ ಒಗ್ಗದು, ಹಿಮವಿರುವ ಮೇಲಿನ ಬೆಟ್ಟಕ್ಕೆ ಹೋಗಬಾರದು, ಕೆಳಗಿಳಿಯಿರಿ ಎಂದಿದ್ದಾರೆ ಡಾಕ್ಟರು. ಅವ್ವನದು ಒಂದೇ ಹಟ: "ಮಂಜ ಮುಟ್ದೆ ನಾ ಬರಾಕಿಲ್ಲ ಕಣೆ." ಈ ಪ್ರವಾಸವೇ ಬೇಡವೆಂದು ನೀನು ಮೊದಲೇ ಹೇಳಿದ್ದೆ. ಹಿಮ ನೋಡುವ ಆಸೆ ನಿಜಕ್ಕೂ ಅವಳದೋ, ಇಲ್ಲ ತೋರಿಸಿದೆ ಎನ್ನಿಸಿಕೊಳ್ಳುವ ಆಸೆ ನನ್ನದೋ? ಕೂತಲ್ಲಿ ಕೂರಲಾಗುತ್ತಿಲ್ಲ.

ಟಿಕೆಟ್ ಬದಲಾಯಿಸಿದ್ದೇನೆ, ನಾಳೆಯೇ ಇಳಿಯುತ್ತೇವೆ. ಈ ಕಾರ್ಡಿಗಿಂತ ಮೊದಲು ಅವ್ವನೇ ಮಳವಳ್ಳಿಗೆ ಬಂದು ನಿನ್ನ ಮುಂದೆ ನನ್ನನ್ನು ಬೈದಿರುತ್ತಾಳೆ. ಅಷ್ಟು ಉಸಿರು ಅವಳಲ್ಲಿದ್ದರೆ ನನಗೆ ಸಾಕು.

ಅರುಂಧತಿ